ಎರವಲು ಕಾಯಿಲೆ

"ರಾತ್ರಿಯಿಡೀ ಕಣ್ಣು ಮುಚ್ಚಲ್ಲ ಡಾಕ್ಟ್ರಮ್ಮ," ಅಂದರು ಅತ್ತೆ. "ಬೆಳಿಗ್ಗೆ ಎದ್ರೆ ಮೈ ಅನ್ನೋದು ನೆನೆದ ಕಂಬಳಿ. ಯಾರಾದ್ರೂ ಮಾತಾಡಿಸಿದ್ರೆ ಸಿಟ್ಟು, ಮಾತಾಡಿಸದಿದ್ರೆ ಅಳು."

ಪಕ್ಕದ ಕುರ್ಚಿಯಲ್ಲಿದ್ದ ಸೊಸೆ ಬೆರಗಾಗಿ ನೋಡಿದಳು. ಹಿಂದಿನ ರಾತ್ರಿ ಅತ್ತೆಯ ಗೊರಕೆ ಗೋಡೆ ದಾಟಿ ಬಂದು ಅವಳನ್ನು ಎಬ್ಬಿಸಿತ್ತು.

ಅತ್ತೆಗೆ ಯಾವ ಕಾಯಿಲೆಯೂ ಇರಲಿಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸು. ಟೇಪು ಹಿಡಿಯದೆಯೇ ಎದುರಿಗಿದ್ದವರ ಅಳತೆ ಹೇಳಬಲ್ಲರು. ಮೂರು ತಿಂಗಳಿಂದ ಸೊಸೆಯ ಭುಜಗಳು ಒಂದೊಂದು ಇಂಚು ಕುಸಿದದ್ದು ಅವರ ಕಣ್ಣಿಗೆ ಬಿದ್ದಿತ್ತು. ಔಷಧಿ ಅಂಗಡಿಯಲ್ಲಿ ದಿನವಿಡೀ ಊರಿಗೆಲ್ಲ ಶಕ್ತಿಯ ಮಾತ್ರೆ ಮಾರುವವಳು, ಮನೆಗೆ ಬಂದರೆ ಚಪ್ಪಲಿಯನ್ನೂ ಬಿಚ್ಚದೆ ಬಾಗಿಲ ಬಳಿಯೇ ಕೂತುಬಿಡುತ್ತಿದ್ದಳು. ಊಟದ ಬದಲು ಬಿಸ್ಕತ್ತು, ನಿದ್ದೆಯ ಬದಲು ಮೊಬೈಲು. ಒಂದು ದಿನ ಹಿಡಿ ಮುರಿದ ಕಪ್ಪಿಗಾಗಿ ಅರ್ಧ ಗಂಟೆ ಅತ್ತಳು. "ಡಾಕ್ಟ್ರಿಗೆ ತೋರಿಸೋಣ ಕಣೇ" ಅಂದರೆ "ನನಗೇನಾಗಿದೆ ಅತ್ತೆ?" ಎಂಬ ಒಂದೇ ಉತ್ತರ. ಮಗನನ್ನು ಕೇಳಿದರೆ "ಚೆನ್ನಾಗೇ ಇದಾಳಲ್ಲಮ್ಮ" ಅಂದ. ಹೆಂಡತಿ ಹೊಸ ಕನ್ನಡಕ ಹಾಕಿಕೊಂಡದ್ದು ಗೊತ್ತಾಗಲು ಎಂಟು ದಿನ ಬೇಕಾಗಿದ್ದವನ ಸಾಕ್ಷಿ ಯಾವ ಲೆಕ್ಕಕ್ಕೆ? ಕೊನೆಗೆ ಅತ್ತೆ ಸೊಸೆಯ ಕಾಯಿಲೆಯನ್ನು ಎರವಲು ಪಡೆದು ತಾವೇ ಬಂದು ಕೂತಿದ್ದರು.

ಡಾಕ್ಟರು ಅತ್ತೆಯ ನಾಡಿ ಹಿಡಿದರು, ಹೊಳೆಯುವ ಕೆನ್ನೆ ನೋಡಿದರು. ಆಮೇಲೆ ಸೊಸೆಯ ಕಣ್ಣಿನ ಕೆಳಗಿನ ಕಪ್ಪನ್ನು ಸ್ವಲ್ಪ ಹೊತ್ತು ನೋಡಿ ಪೆನ್ನು ತೆಗೆದರು.

"ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೀಬೇಕು. ಸೊಪ್ಪು, ಕಾಳು, ಮೀನು, ನಾಲ್ಕು ಅಕ್ರೋಟ. ರಾತ್ರಿ ಒಂಬತ್ತೂವರೆ ಆದ್ಮೇಲೆ ಮೊಬೈಲು ಬೇರೆ ಕೋಣೇಲಿ. ಸಕ್ಕರೆ ಬಂದ್."

"ಸಕ್ಕರೇನಾ?" ಅತ್ತೆಯ ದನಿಯಲ್ಲಿ ಮೊದಲ ಸಲ ನಿಜವಾದ ರೋಗಿ ಕಾಣಿಸಿಕೊಂಡಳು.

"ಮಿದುಳಿಗೂ ಹೊಟ್ಟೆಗೂ ನಂಟಿದೆ ಅಮ್ಮ."

"ಅರವತ್ತೆಂಟು ವರ್ಷ ಸುಮ್ನಿದ್ದ ನಂಟಸ್ತಿಕೆ ಇವತ್ತೇ ಎದ್ದು ಬರಬೇಕಾ?" ಅಂದವರು ಸಾವರಿಸಿಕೊಂಡರು. "ಆಯ್ತು. ಆದ್ರೆ ಸೊಸೇನೂ ಜೊತೆಗೆ ಮಾಡಬೇಕು ಅಂತ ಬರೀರಿ. ಒಬ್ಬಳೇ ಆದ್ರೆ ನಾನು ಮಾಡೋ ಪೈಕಿ ಅಲ್ಲ."

ಡಾಕ್ಟರು ಬರೆದು, ಕೆಳಗೆ ಎರಡು ಗೆರೆ ಎಳೆದರು.

ಮೊದಲ ವಾರ ಅತ್ತೆ ಮಂಡಿ ಹಿಡಿದುಕೊಂಡು ಕುಂಟಿದರು, ಸೊಸೆ ಆಕಳಿಸುತ್ತ ತೂಗಾಡಿದಳು. ಹಾಲಿನವನು ಸೈಕಲ್ಲು ನಿಲ್ಲಿಸಿ "ಆಸ್ಪತ್ರೆ ಆ ಕಡೆ" ಎಂದು ದಾರಿ ತೋರಿಸಿದ. ಮೂರನೆಯ ದಿನವೂ ತಟ್ಟೆಯಲ್ಲಿ ಸೊಪ್ಪು ಕಂಡು ಮಗ ಗೊಣಗಿದ. "ನಾವೇನು ಮೇಕೆಗಳಾ ಅಮ್ಮ?"

"ಮೇಕೆ ಆಗಿದ್ರೆ ಹಾಲಾದ್ರೂ ಕೊಡ್ತಿದ್ದೆ. ತಿನ್ನು."

ರೋಗಿಯಾಗಿರುವುದು ಎಷ್ಟು ಕಷ್ಟವೆಂದು ಅತ್ತೆಗೆ ಆಗಲೇ ತಿಳಿದದ್ದು. ಸೊಸೆಯ ಹೆಜ್ಜೆ ಸದ್ದಾದರೆ ಗುನುಗುತ್ತಿದ್ದ ಹಾಡನ್ನು ಅರ್ಧಕ್ಕೇ ನುಂಗಿ ಮುಖ ಬಾಡಿಸಿಕೊಳ್ಳಬೇಕು. ನಿದ್ದೆ ಬರದವರು ಗೊರಕೆ ಹೊಡೆಯುವಂತಿಲ್ಲ. ಹಾಗಾಗಿ ಬೆನ್ನಿಗೆ ದಿಂಬು ಒತ್ತಿಟ್ಟು ಮಗ್ಗುಲಲ್ಲೇ ಮಲಗಬೇಕು. ಇನ್ನು ಆ ಸಕ್ಕರೆಯಿಲ್ಲದ ಚಹಾ! ಬೆಳಿಗ್ಗೆ ಒಂದು, ಸಂಜೆ ಒಂದು, ಬೈಗುಳ ನುಂಗಿದ ಹಾಗೆ ನುಂಗುತ್ತಿದ್ದರು.

ನಾಲ್ಕನೆಯ ವಾರ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕರೆಂಟು ಹೋಗಿ ಸೊಸೆ ಬೇಗ ಮನೆಗೆ ಬಂದಳು. ಅಡುಗೆಮನೆಯ ನೆಲದ ಮೇಲೆ ಅತ್ತೆ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಡಬ್ಬ, ಬಾಯಲ್ಲಿ ಚಮಚ, ಗಂಟಲಲ್ಲಿ ಹಾಡು.

"ಅತ್ತೆ!"

"ಇದು... ಉಪ್ಪು ಕಣೇ."

"ಉಪ್ಪನ್ನ ಯಾರು ಹಾಡ್ಕೊಂಡು ತಿಂತಾರೆ?"

ಬೈಯುತ್ತಾಳೆಂದು ಅತ್ತೆ ಕಾದರು. ಸೊಸೆ ಬೈಯಲಿಲ್ಲ. ಗೋಡೆಗೆ ಒರಗಿ ಎದುರಿಗೇ ಕುಸಿದು ಕೂತಳು.

"ನಾನೆಷ್ಟು ಹೆದರಿದ್ದೆ ಗೊತ್ತಾ? ಅವತ್ತು ನೀವು ಡಾಕ್ಟ್ರಿಗೆ ಹೇಳಿದ ಒಂದೊಂದು ಮಾತೂ..." ಅವಳು ತಡೆದಳು. "ಒಂದೊಂದು ಮಾತೂ ನನ್ನದೇ ಇತ್ತು ಅತ್ತೆ."

"ಗೊತ್ತು."

"ಗೊತ್ತಾ?"

"ಕಾಯಿಲೆ ನಿಂದು, ಪಥ್ಯ ನಂದು. ನಾಲ್ಕು ವಾರ ಆಯ್ತು, ಇನ್ನು ನನ್ನ ಕೈಲಾಗಲ್ಲ ಕಣೇ."

ಸೊಸೆಗೆ ನಗು ಬಂತು. ಅದು ಎಲ್ಲಿ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದಳು: "ಯಾಕೆ ಹೀಗಾಯ್ತು ಅಂತ ನನಗೇ ಗೊತ್ತಿಲ್ಲ. ಯಾರೂ ಏನೂ ಅಂದಿಲ್ಲ, ಏನೂ ಕಮ್ಮಿಯಿಲ್ಲ. ಕಾರಣ ಇಲ್ಲದೆ ಅಳ್ತೀನಿ ಅಂತ ಯಾರಿಗೆ ಹೇಳ್ಲಿ? ಹತ್ತು ದಿನದಿಂದ ಒಂಚೂರು ಹಗುರ ಅನ್ಸುತ್ತೆ. ನೀವು ನರಳ್ತಾ ಇರೋವಾಗ ಅದನ್ನ ಹೇಳೋಕೂ ನಾಚಿಕೆ."

ಅತ್ತೆ ಡಬ್ಬವನ್ನು ಪಕ್ಕಕ್ಕೆ ಸರಿಸಿ, ಸೊಸೆಯ ಕಾಲನ್ನು ತಮ್ಮ ಕಡೆ ಎಳೆದುಕೊಂಡು, ಚಪ್ಪಲಿಯ ಪಟ್ಟಿ ಬಿಚ್ಚಿದರು.

"ನಾಳಿದ್ದು ಡಾಕ್ಟ್ರ ಹತ್ರ ನಾನೇ ಹೋಗ್ತೀನಿ," ಅಂದಳು ಸೊಸೆ. "ಒಬ್ಬಳೇ. ನೀವು ಬಂದ್ರೆ ನನ್ನ ಮಾತನ್ನೂ ನೀವೇ ಆಡಿಬಿಡ್ತೀರಿ."

"ಹಾಗಾದ್ರೆ ನಾಳೆಯಿಂದ ನಾನು ನಡೆಯೋಕೆ ಬರಬೇಕಾಗಿಲ್ಲ ತಾನೇ?"

"ಬೇಡ. ಹೊದ್ಕೊಂಡು ಮಲಗಿ."

ಮರುದಿನ ಬೆಳಿಗ್ಗೆ ಆರಕ್ಕೆ ಮುಂಬಾಗಿಲು ತೆರೆದು ಮುಚ್ಚಿದ ಸದ್ದು ಅತ್ತೆಗೆ ಕೇಳಿಸಿತು. ಬದುಕಿದೆ ಎಂದುಕೊಂಡು ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡರು. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಹಾಳು ನಿದ್ದೆ, ಬರಲೇ ಇಲ್ಲ. ಯಾರನ್ನೋ ಶಪಿಸುತ್ತ ಎದ್ದು, ಬೂಟಿಗೆ ಕಾಲು ತೂರಿಸಿ ಹೊರಬಿದ್ದರು.

ಸೊಸೆ ಆಗಲೇ ಬೀದಿಯ ತುದಿ ಮುಟ್ಟಿದ್ದಳು, ಕೈ ಬೀಸಿಕೊಂಡು, ಬಿರಬಿರನೆ. ಹಿಂದಿನಿಂದ ಗೇಟು ಕಿರುಗುಟ್ಟಿತು. ಅವಳು ತಿರುಗಿ ನೋಡಲಿಲ್ಲ. ತಿರುವಿನಲ್ಲಿ ನಿಂತು, ಬಗ್ಗಿ, ಬಿಗಿಯಾಗಿಯೇ ಇದ್ದ ಬೂಟಿನ ಲೇಸನ್ನು ಬಿಚ್ಚಿ, ಮತ್ತೆ ನಿಧಾನವಾಗಿ ಕಟ್ಟತೊಡಗಿದಳು.