ವರ್ಡೆಲ್ ಮ್ಯಾನಿಗೋ ಎಂಬ ಲೇಬಲ್ಲು

೧

ಈ ಕಥೆಯನ್ನು ಹೇಗೆ ಶುರು ಮಾಡುವುದು ಎನ್ನುವುದು ಆಮೇಲಿನ ಮಾತು. ಶುರು ಮಾಡಬಹುದೇ ಎನ್ನುವುದೇ ನನ್ನ ತಲೆನೋವು. ಯಾಕೆಂದರೆ ಕಥಾನಾಯಕಿಯ ಹೆಸರು ಅವರದಲ್ಲ. ಅದನ್ನು ಅವರು ಬಹಳ ಹಿಂದೆಯೇ ಒಂದು ಕಂಪನಿಗೆ ಮಾರಿಬಿಟ್ಟಿದ್ದಾರೆ.

ಇರಲಿ, ಬರೆದೇ ಬಿಡುತ್ತೇನೆ. ವರ್ಡೆಲ್ ಮ್ಯಾನಿಗೋ.

ನೋಡಿದಿರಾ, ಏನೂ ಆಗಲಿಲ್ಲ. ಕಾಗದದ ಮೇಲೆ ಬರೆದರೆ ಯಾರೂ ಕೇಳುವುದಿಲ್ಲವಂತೆ. ಬಟ್ಟೆಯ ಮೇಲೆ ಹೊಲಿದರೆ ಮಾತ್ರ ವಕೀಲರು ಬರುತ್ತಾರೆ. (ಇದನ್ನು ಕೇಳಿ ತಿಳಿದುಕೊಂಡೇ ಬರೆಯುತ್ತಿದ್ದೇನೆ. ನಾನು ಧೈರ್ಯವಂತೆಯೇನಲ್ಲ.)

೨

ಮೊದಲ ಕರಡು ಹೀಗಿತ್ತು: ‘ದಕ್ಷಿಣ ಕೆರೊಲಿನಾದ ಹತ್ತಿಯ ಹೊಲದಂಚಿನಲ್ಲಿ, ಸುಡುವ ಬಿಸಿಲಿನಲ್ಲಿ, ಒಬ್ಬ ಪುಟ್ಟ ಹುಡುಗಿ ಕನಸು ಕಾಣುತ್ತಿದ್ದಳು.’

ಇದನ್ನು ಮಿಸ್ ವಿಗೆ ಓದಿ ಹೇಳಿದೆ. ನಮ್ಮ ಹಾರ್ಲೆಮ್ ಬಡಾವಣೆಯಲ್ಲಿ ವರ್ಡೆಲ್ ಅವರನ್ನು ನಾವೆಲ್ಲ ಹಾಗೇ ಕರೆಯುವುದು. ಎಂಬತ್ತು ದಾಟಿದೆ, ಕಿವಿ ಮಾತ್ರ ಚುರುಕು.

“ಯಾವ ಹತ್ತಿ ಹೊಲ?” ಎಂದರು. “ನಮ್ಮೂರಲ್ಲಿ ಸಿಗಡಿ ಹಿಡೀತಿದ್ರು. ನಮ್ಮಮ್ಮ ಮನೇಲಿ ಕೂತು ಬಟ್ಟೆ ಹೊಲೀತಿದ್ಲು. ಕಪ್ಪು ಹೆಂಗಸು ಅಂದ ಕೂಡ್ಲೇ ಹತ್ತಿ ಹೊಲಕ್ಕೆ ಓಡ್ತೀಯಲ್ಲ ಆರ್ನೆಟಾ, ನಿನ್ನ ಮುಖ ಏನು ಬೆಳ್ಳಗಿದ್ಯಾ?”

ಕರಡು ಕಸದ ಬುಟ್ಟಿಗೆ ಹೋಯಿತು.

ಆರ್ನೆಟಾ ಎಂದರೆ ನಾನು. ಬರಹಗಾರ್ತಿಯಲ್ಲ. ಮಿಸ್ ವಿ ಅವರ ಹೊಲಿಗೆ ಕೋಣೆಯಲ್ಲಿ ಅಳತೆಗೆ ನಿಲ್ಲುತ್ತಿದ್ದವಳು. ಅವರು ಕತ್ತರಿಸಿದ ಪ್ರತಿಯೊಂದು ಉಡುಪನ್ನೂ ಮೊದಲು ತೊಟ್ಟ ಮೈ ನನ್ನದು. ಕೈ ಎತ್ತು ಅಂದರೆ ಎತ್ತುವುದು, ಕೂರು ಅಂದರೆ ಕೂರುವುದು, ಗುಂಡುಪಿನ್ನು ಚುಚ್ಚಿದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುವುದು. ಈಗ ಲೈಬ್ರರಿಯಲ್ಲಿ ಮುದುಕರಿಗಾಗಿ ನಡೆಸುವ ಕಥೆ ಬರೆಯುವ ಕ್ಲಾಸಿಗೆ ಹೋಗುತ್ತೇನೆ. ನಾಯಕಿಗೆ ಏನಾದರೂ ಬೇಕಾಗಿರಬೇಕು, ಅದು ಓದುಗರಿಗೆ ಬೇಗ ಗೊತ್ತಾಗಬೇಕು ಎಂದು ಅಲ್ಲಿಯ ಮೇಷ್ಟ್ರು ಹೇಳುತ್ತಾರೆ.

ಸರಿ ಮೇಷ್ಟ್ರೇ, ತಗೊಳ್ಳಿ. ಮಿಸ್ ವಿಗೆ ಬೇಕಾಗಿದ್ದು ಒಂದೇ. ಸಾಯುವ ಮೊದಲು, ತಮ್ಮ ಕೈಯಾರೆ ಹೊಲಿದ ಬಟ್ಟೆಯೊಳಗೆ ತಮ್ಮ ಹೆಸರನ್ನು ಇನ್ನೊಮ್ಮೆ ನೋಡಬೇಕು.

೩ (ಇದು ‘ಸಾಧನೆ’ ಎಂಬ ಅಧ್ಯಾಯವಾಗಬೇಕಿತ್ತು. ಒಂದು ಇಂಚಿನ ಜಗಳವಾಗಿದೆ. ಕ್ಷಮಿಸಿ.)

ಅವರ ಅಮ್ಮನ ಬಳಿ ಹೊಲಿಸುತ್ತಿದ್ದ ಹೆಂಗಸರಿಗೆ ಒಳ್ಳೆಯ ಬಟ್ಟೆ ಅಂತ ಇರುತ್ತಿದ್ದುದು ಒಂದೇ. ಅದರಲ್ಲೇ ಮದುವೆ, ಅದರಲ್ಲೇ ಬಸಿರು, ಅದರಲ್ಲೇ ಚರ್ಚು, ಆಮೇಲೆ ಅದೇ ಮಗಳಿಗೆ. ಅದಕ್ಕೇ ಆ ತಾಯಿ ಪ್ರತಿ ಹೊಲಿಗೆಯ ಒಳಗೂ ಒಂದಿಂಚು ಬಟ್ಟೆ ಮಡಿಸಿ ಬಿಡುತ್ತಿದ್ದಳು. ಮೈ ಬೆಳೆದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಅಂತ.

ಮಗಳು ಆ ಒಂದಿಂಚನ್ನು ದೊಡ್ಡ ದೊಡ್ಡ ಉಡುಪು ಕಂಪನಿಗಳಿರುವ ಸೆವೆಂತ್ ಅವೆನ್ಯೂಗೆ ತಂದರು. ದೊಡ್ಡ ಅಂಗಡಿಗಳ ಕಿಟಕಿಯಲ್ಲಿ ಅವರ ಉಡುಪುಗಳು ನಿಂತವು. ಪತ್ರಿಕೆಗಳು ಸರಳತೆ ಎಂದವು, ವಾಸ್ತುಶಿಲ್ಪ ಎಂದವು, ಇನ್ನೂ ಏನೇನೋ ಬಾಯಿಗೆ ಬಂದಿದ್ದು ಅಂದವು. ಉಡುಪನ್ನು ತಿರುಗಿಸಿ ಒಳಗೆ ನೋಡಿದವರು ಒಬ್ಬರೂ ಇಲ್ಲ. ಕೊಂಡ ಹೆಂಗಸರು ಮಾತ್ರ ನೋಡಿದರು. ಬಿಚ್ಚಿದರು, ಅಗಲ ಮಾಡಿದರು, ಮತ್ತೆ ತೊಟ್ಟರು.

ಆಮೇಲೆ ಅವರ ವ್ಯಾಪಾರ ಕೊಳ್ಳಲು ಕಂಪನಿ ಬಂತು. ಕರಾರಿನ ದಿನ ನಾನೂ ಆ ಕೋಣೆಯಲ್ಲಿದ್ದೆ, ಮೈಮೇಲೆ ಅರ್ಧ ಹೊಲಿದ ಕೋಟು. ಬೆಳಗಿನಿಂದ ಊಟದ ಹೊತ್ತಿನವರೆಗೆ ಮಿಸ್ ವಿ ಒಂದೇ ಒಂದು ವಿಷಯಕ್ಕೆ ಹಟ ಹಿಡಿದರು. ನನ್ನ ಬಟ್ಟೆಯಲ್ಲಿ ಒಂದಿಂಚು ಬಿಡಲೇಬೇಕು, ಅದು ಕರಾರಿನಲ್ಲಿ ಇರಬೇಕು. ಕಂಪನಿಯವರು ಬಟ್ಟೆ ದಂಡ ಎಂದರು, ಇವರು ಎದ್ದು ಹೊರಟರು, ಅವರು ಕೂರಿಸಿದರು. ಕೊನೆಗೆ ಕಂಪನಿ ಒಪ್ಪಿತು. ಮಿಸ್ ವಿ ಗೆದ್ದ ಖುಷಿಯಲ್ಲಿ ಸಹಿ ಹಾಕಿದರು. ಹೆಸರು ಇನ್ನು ಮೇಲೆ ಕಂಪನಿಯದು ಎನ್ನುವ ವಿಷಯ ಅದರ ಮುಂದಿನ ಪುಟದಲ್ಲಿತ್ತು.

ಇಲ್ಲಿ ನಾನು ‘ಮೋಸ ಹೋದರು’ ಎಂದು ಬರೆದಿದ್ದೆ. ಅವರು ಹೊಡೆದು ಹಾಕಿಸಿದರು.

“ಮೋಸ ಅಲ್ಲ. ಓದಿದೀನಿ ಆ ಪುಟಾನ. ಹೆಸರು ಎಲ್ಲಿಗೆ ಹೋಗುತ್ತೆ, ನಾನು ಇಲ್ಲೇ ಇರ್ತೀನಲ್ಲ ಅಂದ್ಕೊಂಡೆ.”

“ಅದನ್ನೇ ಮೋಸ ಅನ್ನೋದು, ಮಿಸ್ ವಿ.”

“ಅದನ್ನ ಪೆದ್ದುತನ ಅಂತಾರೆ ಹುಡುಗಿ. ಹಾಗಂತಲೇ ಬರಿ.”

(ನನಗೆ ಎಪ್ಪತ್ತಾಯಿತು. ಅವರಿಗೆ ಇನ್ನೂ ಹುಡುಗಿ.)

ಕೆಲವು ವರ್ಷಗಳಲ್ಲಿ ಕಂಪನಿ ಇನ್ನೊಂದು ಕಂಪನಿಯ ಹೊಟ್ಟೆಗೆ ಹೋಯಿತು. ಮಿಸ್ ವಿಯನ್ನು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಕರಾರಿನಲ್ಲಿದ್ದರೂ ಕೇಳುವವರಿಲ್ಲದೆ ಒಂದಿಂಚೂ ಅವರ ಹಿಂದೆಯೇ ಮನೆಗೆ ಹೋಯಿತು. ಹೆಸರು ಮಾತ್ರ ಅಲ್ಲೇ ಉಳಿಯಿತು.

೪

ಪರಂಪರೆ. ಈ ಪದವನ್ನು ಬರೆದು, ಹೊಡೆದು ಹಾಕಿ, ಮತ್ತೆ ಬರೆದೆ.

ನಮ್ಮ ನೂರಿಪ್ಪತ್ತೈದನೇ ಬೀದಿಯ ಒಂದು ಅಂಗಡಿಯಲ್ಲಿ ವರ್ಡೆಲ್ ಮ್ಯಾನಿಗೋ ಕಾಲುಚೀಲ ಸಿಗುತ್ತದೆ, ಒಂದು ಕಟ್ಟಿಗೆ ಆರು ಜೊತೆ. ವರ್ಡೆಲ್ ಮ್ಯಾನಿಗೋ ತಂಪು ಕನ್ನಡಕ, ದಿಂಬಿನ ಚೀಲ, ಸೆಂಟು. ಆ ಸೆಂಟಿನ ವಾಸನೆಗೆ ಮಿಸ್ ವಿಗೆ ಸೀನು ಬರುತ್ತದೆ. ಇದನ್ನು ತಮಾಷೆಗೆ ಬರೆಯಲು ಹೊರಟಿದ್ದೆ, ಆಗುತ್ತಿಲ್ಲ. ನಾವಿಬ್ಬರೂ ಆ ಅಂಗಡಿಯ ಮುಂದೆ ಹೋಗುವಾಗ ಅವರು ರಸ್ತೆ ದಾಟಿ ಆ ಬದಿಗೆ ನಡೆಯುತ್ತಾರೆ. ನಾನೂ ಹಿಂದೆಯೇ ದಾಟುತ್ತೇನೆ.

ಒಂದು ಮ್ಯೂಸಿಯಮ್ಮಿನಲ್ಲಿ ಅವರು ಹಿಂದೆ ಹೊಲಿದ ಒಂದು ಹಸಿರು ಕೋಟು ನಿಲ್ಲಿಸಿದ್ದಾರೆ. ನೋಡಲು ಹೋಗಿದ್ದೆವು. ಮಿಸ್ ವಿ ಅಂಚು ತಿರುಗಿಸಿ ಒಳಗಿನ ಬಟ್ಟೆ ಇದೆಯೋ, ಯಾರಾದರೂ ಕತ್ತರಿಸಿದ್ದಾರೋ ನೋಡಲು ಕೈ ಹಾಕಿದರು.

“ಮುಟ್ಬಾರ್ದು, ಮ್ಯಾಡಮ್” ಎಂದ ಕಾವಲಿನವನು.

“ಮುಟ್ಟದೇ ಇದ್ದಿದ್ರೆ ಇದು ಇರ್ತಾನೇ ಇರ್ಲಿಲ್ಲಪ್ಪ” ಎಂದು ಮಿಸ್ ವಿ ಕೈ ಹಿಂದಕ್ಕೆ ತೆಗೆದರು.

೫

ಈಗ ಕಥೆ. (ಇಷ್ಟು ಹೊತ್ತು ಆಗಿದ್ದು ಕಥೆಯಲ್ಲವೇ ಎಂದು ಕೇಳಬೇಡಿ.)

ನಮ್ಮ ಚರ್ಚಿನಲ್ಲಿ ಬಾಗಿಲ ಬಳಿ ನಿಂತು ಬಂದವರನ್ನು ಜಾಗಕ್ಕೆ ಕರೆದೊಯ್ಯುವ ಹೆಂಗಸರ ಗುಂಪಿದೆ. ಬಿಳಿ ಉಡುಪು, ಬಿಳಿ ಗ್ಲೌಸು, ಎಡಗೈ ಬೆನ್ನ ಹಿಂದೆ. ಪ್ರಾರ್ಥನೆಯ ಆವೇಶದಲ್ಲಿ ಯಾರಾದರೂ ಬಿದ್ದರೆ ಹಿಡಿಯುವವರೂ ನಾವೇ. ನಾನೂ ಅದರಲ್ಲೊಬ್ಬಳು. ಈ ವರ್ಷ ನಮ್ಮ ಗುಂಪಿನ ವಾರ್ಷಿಕ ದಿನಕ್ಕೆ ಮಿಸ್ ವಿ ಎಲ್ಲರಿಗೂ ಹೊಸ ಬಿಳಿ ಉಡುಪು ಹೊಲಿದರು, ಉಚಿತವಾಗಿ, ಪ್ರತಿ ಹೊಲಿಗೆಯಲ್ಲೂ ಒಂದಿಂಚು ಬಿಟ್ಟು. ಉಡುಪಿನ ಕತ್ತಿನ ಒಳಬದಿಯಲ್ಲಿ, ಬಿಳಿ ಪಟ್ಟಿಯ ಮೇಲೆ ನೀಲಿ ದಾರದಲ್ಲಿ, ತಮ್ಮ ಹೆಸರನ್ನು ಕೈಯಲ್ಲೇ ಕಸೂತಿ ಹಾಕಿದ್ದರು. ಅಕ್ಷರಗಳು ಅಲ್ಲಲ್ಲಿ ಸೊಟ್ಟಗಿದ್ದವು.

“ಯಾರು ನೋಡ್ತಾರೆ ಬಿಡು. ನಿಮ್ಮ ಕತ್ತಿನ ಹಿಂದೆ ಇರುತ್ತೆ” ಎಂದಿದ್ದರು.

ಇಡೀ ಜಗತ್ತು ನೋಡಿತು. ನಮ್ಮ ಗುಂಪಿನ ಸಿಸ್ಟರ್ ಲೂವಿನಿಯಾ (ಚರ್ಚಿನಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಸಿಸ್ಟರ್) ಕಾಲರು ಮಗುಚಿ, ಕ್ಯಾಮೆರಾಗೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಂಡು ಫೇಸ್‌ಬುಕ್ಕಿಗೆ ಹಾಕಿದಳು. ಹಿಗ್ಗು ತಡೆಯಲಾಗಲಿಲ್ಲ ಪಾಪ. ಸ್ವಲ್ಪ ದಿನಕ್ಕೆ ಮಿಸ್ ವಿಗೆ ಕಂಪನಿಯ ವಕೀಲನ ಫೋನು ಬಂತು. ತುಂಬ ಮರ್ಯಾದಸ್ಥ ಹುಡುಗ. ಮ್ಯಾಡಮ್, ಲೇಬಲ್ಲು ಎಲ್ಲ ತೆಗೆದಿದ್ದೇನೆ ಅಂತ ಒಂದು ಸಹಿ ಮಾಡಿ ಕಳಿಸಿಬಿಡಿ, ನಾವು ಬಂದು ನೋಡೋದಿಲ್ಲ ಎಂದ.

೬

ಅಂತ್ಯ, ಮೊದಲನೆಯದು: ಕೋರ್ಟು. ತೊಂಬತ್ತಕ್ಕೆ ಹತ್ತಿರವಾದ ಹೆಂಗಸು ಎದ್ದು ನಿಲ್ಲುತ್ತಾಳೆ, ನ್ಯಾಯಾಧೀಶರ ಕಣ್ಣಲ್ಲಿ ನೀರು.

“ನಂಗೆ ಯಾಕೆ ವಯಸ್ಸು ಜಾಸ್ತಿ ಮಾಡ್ತೀಯ?” ಎಂದರು ಮಿಸ್ ವಿ. ತೆಗೆದೆ.

ಎರಡನೆಯದು: ಲೂವಿನಿಯಾ ಬರೆಸಿದ್ದು. ಹೆಂಗಸರೆಲ್ಲ ಲೇಬಲ್ಲು ಬಿಚ್ಚಲು ಬಿಡುವುದಿಲ್ಲ. “ಸುಮ್ನೆ ಸಹಿ ಹಾಕಿ ಕಳಿಸಿ, ಮಿಸ್ ವಿ. ನಂಗೆ ನಿಮ್ಮ ಹೆಸರು ಬೇಕು. ನನ್ನ ಕತ್ತಿನ ಪಟ್ಟಿ ಮಗುಚೋಕೆ ಬರ್ಲಿ ಆ ವಕೀಲ, ಗ್ಲೌಸ್ ಹಾಕ್ಕೊಂಡೇ ಒಂದು ಬಿಡ್ತೀನಿ.”

ಇದು ನನಗೆ ಇಷ್ಟವಾದ ಅಂತ್ಯ. ಆದರೆ ಅವತ್ತು ಚರ್ಚಿನ ನೆಲಮಾಳಿಗೆಯಲ್ಲಿ ಮಿಸ್ ವಿ ತಲೆ ಅಲ್ಲಾಡಿಸಿದ್ದನ್ನು ನಾನೇ ನೋಡಿದ್ದೇನೆ.

“ತೆಗೆಯದೇ ತೆಗೆದಿದೀನಿ ಅಂತ ಸಹಿ ಹಾಕ್ಲಾ? ಹೆಸರು ಮಾರಿದೀನಿ, ಲೂವಿನಿಯಾ. ಮಾತು ಮಾರಿಲ್ಲ. ಕೊಡು ಇಲ್ಲಿ.”

ಲೂವಿನಿಯಾ ಕೊಟ್ಟಳು. ಅಳುತ್ತಾ ಕೊಟ್ಟಳು. ಒಬ್ಬೊಬ್ಬರೇ ಕೊಟ್ಟರು. ಮಿಸ್ ವಿ ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು, ಬಟ್ಟೆಗೆ ಒಂದು ಗೀರೂ ಆಗದ ಹಾಗೆ ತಮ್ಮ ಹೆಸರನ್ನು ಎಳೆ ಎಳೆಯಾಗಿ ಕಿತ್ತರು.

ನಾನು ಕೊಡಲಿಲ್ಲ. ಒಗೆಯಲು ಹಾಕಿದ್ದೇನೆ, ಮನೆಯಲ್ಲಿದೆ ಎಂದೆ.

೭

ಇವತ್ತು ಭಾನುವಾರ. ಪ್ರಾರ್ಥನೆ ಮುಗಿದ ಮೇಲೆ ಅವರು ನನ್ನ ಜೊತೆಯಲ್ಲೇ ಮನೆಗೆ ಬಂದರು. ಈಗ ಅಡುಗೆಮನೆಯಲ್ಲಿ, ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಕನ್ನಡಕ ಮೂಗಿನ ತುದಿಯಲ್ಲಿದೆ. ನನ್ನ ಬಿಳಿ ಉಡುಪು ಅವರ ತೊಡೆಯ ಮೇಲಿದೆ. ಭೂಮಿಯ ಮೇಲೆ ಅವರು ಹೊಲಿದು, ಅವರೇ ಕೈಯಲ್ಲಿ ಹೆಸರು ಕಸೂತಿ ಹಾಕಿದ ಬಟ್ಟೆ ಇನ್ನು ಅದೊಂದೇ.

ಕೊಡುವುದಿಲ್ಲ ಎಂದರೆ ಅವರು ಸಹಿ ಹಾಕುವುದಿಲ್ಲ, ವಕೀಲರು ಅವರ ಮನೆಗೆ ಬರುತ್ತಾರೆ. ಕೊಟ್ಟರೆ ಅವರ ಹೆಸರು ಕಾಲುಚೀಲಕ್ಕೆ ಮಾತ್ರ ಉಳಿಯುತ್ತದೆ. ಎರಡೂ ನನ್ನಿಂದ ಆಗುವುದಿಲ್ಲ. ಅದಕ್ಕೇ ಒಂದು ಉಪಾಯ ಮಾಡಿದೆ. “ಕಥೆ ಮುಗಿಯೋವರ್ಗೂ ಬಿಚ್ಬೇಡಿ, ಮಿಸ್ ವಿ, ಲೇಬಲ್ಲು ಇರೋ ಹಾಗೇ ಬರೀಬೇಕು” ಎಂದು ಹೇಳಿ ಈ ಕೋಣೆಗೆ ಬಂದು ಕೂತಿದ್ದೇನೆ.

ಓದುಗರೇ, ಈ ಕಥೆ ಯಾಕೆ ಇಷ್ಟು ಸುತ್ತುತ್ತಿದೆ, ಯಾಕೆ ಒಂದು ಅಂತ್ಯವನ್ನೂ ಒಪ್ಪುತ್ತಿಲ್ಲ ಎಂದು ನಿಮಗೆ ಈಗ ಗೊತ್ತಾಗಿರಬೇಕು. ಆಧುನಿಕೋತ್ತರ ಎಂದು ಮೇಷ್ಟ್ರು ಹೊಗಳುತ್ತಾರೋ ಏನೋ. ಅಂಥದ್ದೇನೂ ಇಲ್ಲ. ನಾನು ಮುಗಿಸಿದೆ ಅಂದರೆ ಅವರು ಲೇಬಲ್ಲಿಗೆ ಕೊಕ್ಕೆ ಹಾಕುತ್ತಾರೆ. ಅಷ್ಟೇ.

“ಆಯ್ತಾ, ಆರ್ನೆಟಾ?”

“ಇನ್ನೊಂದು ಸ್ವಲ್ಪ ಇದೆ, ಮಿಸ್ ವಿ.”

ಅಡುಗೆಮನೆಯಲ್ಲಿ ಕುರ್ಚಿ ಸರಿದ ಸದ್ದು. ಎದ್ದು ಬರುತ್ತಾರೇನೋ ಎಂದು ಪೆನ್ನು ಎತ್ತಿದೆ. ಬರಲಿಲ್ಲ.

“ನಿಧಾನವಾಗಿ ಬರಿ ಹುಡುಗಿ” ಎಂದರು. “ನಂಗೇನೂ ಅವಸರ ಇಲ್ಲ.”