ಗುಡ್ಡುವಿನ ನೆಗಡಿ

ದೀಪಾವಳಿಯ ಹಣತೆಗಳನ್ನು ಇನ್ನೂ ಒಳಗೆ ಎತ್ತಿಟ್ಟಿರಲಿಲ್ಲ, ಸುಜಾತಾ ಔರಾದಿಗೆ ಹೊರಟು ನಿಂತಿದ್ದಳು. ಮಗಳಿಗೆ ಎರಡನೆಯ ಹೆರಿಗೆ. ಮೊದಲ ಮಗುವಿನ ಶಾಲೆ ತಪ್ಪಬಾರದೆಂದು ಮಗಳು ಈ ಸಲ ತವರಿಗೆ ಬಂದಿರಲಿಲ್ಲ. ಹೀಗಾಗಿ ತವರೇ ಅವಳ ಮನೆಗೆ ಹೋಗಬೇಕಾಗಿತ್ತು. ಬ್ಯಾಗಿನ ಜಿಪ್ಪು ಎಳೆಯುತ್ತ ಸುಜಾತಾ ಗಂಡನಿಗೆ ಗ್ಯಾಸು, ನಳದ ನೀರು, ಬಿಪಿ ಗುಳಿಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಆಮೇಲೆ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕೋಳಿಗಳ ವಿಷಯವನ್ನು ಮಾತ್ರ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು.

"ಮುಂಜಾನಿ ಬಿಸಲು ಬಿದ್ದ ಮ್ಯಾಲ ಹೊರಗ ಬಿಡ್ರಿ. ಸಂಜಿಗಿ ತಾವೇ ಒಳಗ ಬರ್ತಾವ, ನೀವು ಹಿಂದ ಓಡಬ್ಯಾಡ್ರಿ. ನೀರು ದಿನಾ ಬದಲಿ ಮಾಡ್ರಿ. ಬೂದಿ ಕೋಳಿಗಿ ವಯಸ್ಸಾಗ್ಯದ, ಅದಕ್ಕ ಬ್ಯಾರೇನೇ ಕಾಳು ಹಾಕ್ರಿ. ಇಲ್ಲಾಂದ್ರ ಉಳದವು ತಿನ್ನಗೊಡಲ್ಲ."

"ಇಷ್ಟು ವರ್ಷ ಬಸ್ ಹೊಡದೀನಿ," ಎಂದ ಮಚ್ಛೇಂದ್ರ. "ಬಸ್ ತುಂಬ ಮಂದಿನ ಕರ್ಕೊಂಡು ಹೋಗಾಂವಗ ನಾಕು ಕೋಳಿ ದೊಡ್ಡ ಮಾತೇನ?"

"ಬಸ್ಸಿನ್ಯಾಗ ಕಂಡಕ್ಟರ್ ಇರ್ತಿದ್ದರಿ," ಎಂದಳು ಸುಜಾತಾ.

ಮಚ್ಛೇಂದ್ರ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತನಾಗಿ ವರ್ಷವಾಗಿತ್ತು. ಹುಟ್ಟಿದ್ದು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯಲ್ಲಿ, ಮನೆ ಕಟ್ಟಿಸಿದ್ದು ಬೀದರಿನ ಮೈಲೂರಿನಲ್ಲಿ. ಹಿತ್ತಲು, ಅದರೊಳಗಿನ ಕೋಳಿಗೂಡು, ಕೋಳಿಗಳು ಎಲ್ಲವೂ ಹೆಂಡತಿಯ ರಾಜ್ಯ. ಅವನಿಗೂ ಕೋಳಿಗೂ ಇದ್ದ ಸಂಬಂಧವೆಂದರೆ, ಅವು ಅವನ ಮೋಟರ್ ಸೈಕಲ್ಲಿನ ಸೀಟಿನ ಮೇಲೆ ಹೊಲಸು ಮಾಡುವುದು, ಅವನು ಬೈಯುತ್ತ ಒರೆಸುವುದು. ಗುಡ್ಡು ಎಂಬ ಹುಂಜನ ಮೇಲಂತೂ ಅವನಿಗೆ ವಿಶೇಷ ಸಿಟ್ಟಿತ್ತು. ರಿಟೈರಾದ ಮೇಲಾದರೂ ಹೊತ್ತೇರುವ ತನಕ ಮಲಗಬೇಕೆಂದುಕೊಂಡವನನ್ನು ಅದು ಒಂದು ದಿನವೂ ಮಲಗಗೊಟ್ಟಿರಲಿಲ್ಲ.

ಬೀದರಿನ ಚಳಿ ಹೇಳಿ ಕೇಳಿ ಬರುವಂಥದಲ್ಲ. ಹಿಂದಿನ ದಿನ ಫ್ಯಾನು ಹಾಕಿಕೊಂಡು ಮಲಗಿದವರು ಮರುದಿನ ಟ್ರಂಕಿನಿಂದ ರಗ್ಗು ತೆಗೆಯುತ್ತಾರೆ. ಸುಜಾತಾ ಹೋದ ವಾರದಲ್ಲೇ ಅಂಥ ಗಾಳಿ ಬೀಸತೊಡಗಿತು. ಮಚ್ಛೇಂದ್ರ ಮಫ್ಲರು ಸುತ್ತಿಕೊಂಡು ಚಹಾ ಹಿಡಿದು ಹಿತ್ತಲ ಬಾಗಿಲಿಗೆ ಬಂದರೆ, ಜಾಳಿಗೆಯ ಗೂಡಿನಲ್ಲಿ ಕೋಳಿಗಳು ಪುಕ್ಕ ಉಬ್ಬಿಸಿಕೊಂಡು ಒಂದಕ್ಕೊಂದು ಒತ್ತಿ ಕುಳಿತಿದ್ದವು. ಅವನಿಗೆ ಕನಿಕರ ಬಂತು. ತನಗೆ ಮಫ್ಲರು ಬೇಕಾದರೆ ಅವಕ್ಕೆ ಬೇಡವೇ? ಓಣಿಯ ತುದಿಯಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಹರಿದು ನೇತಾಡುತ್ತಿತ್ತು. ಅದನ್ನು ಬಿಚ್ಚಿ ತಂದು, ಗೂಡಿನ ನಾಲ್ಕೂ ಕಡೆ, ಮೇಲೂ ಸೇರಿಸಿ, ಒಂದು ಸಂದು ಬಿಡದಂತೆ ಸುತ್ತಿ ಸುತಳಿಯಿಂದ ಬಿಗಿದ. ಕೈ ಮುಗಿದು ಶುಭ ಕೋರುವ ಹತ್ತಾರು ಮುಖಗಳ ನಡುವೆ ಗೂಡು ಅಡಗಿತು. ಒಳಗೆ ಕೈ ಹಾಕಿ ನೋಡಿದ. ಬೆಚ್ಚಗಿತ್ತು. ಹೆಂಡತಿಗೆ ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ ಎಂದುಕೊಂಡ.

ಕೋಳಿಗಳು ಸೀನುತ್ತವೆಂಬುದು ಮಚ್ಛೇಂದ್ರನಿಗೆ ಆ ತನಕ ಗೊತ್ತಿರಲಿಲ್ಲ. ಮೊದಲು ಸೀನಿದ್ದು ಬೂದಿ. ಪಕ್ಕದ ಮನೆಯಲ್ಲಿ ಯಾರೋ ಒಗ್ಗರಣೆ ಹಾಕಿರಬೇಕೆಂದು ಅವನು ಸುಮ್ಮನಾದ. ಆಮೇಲೆ ಒಂದನ್ನು ಬಿಟ್ಟು ಉಳಿದವೂ ಒಂದೊಂದಾಗಿ ಶುರು ಮಾಡಿದವು. ಬೂದಿಯ ಒಂದು ಕಣ್ಣು ಊದಿ ಮುಚ್ಚಿಕೊಂಡಿತು, ಮೂಗಿನಿಂದ ಅಂಟು ಸುರಿಯತೊಡಗಿತು. ಗುಡ್ಡು ಕಲ್ಲಿನ ಮೇಲೆ ಹತ್ತಿ, ಎದೆ ಮುಂದೆ ಮಾಡಿ, ಕೊರಳು ಉದ್ದ ಮಾಡಿ ಕೂಗಲು ಹೋಯಿತು. ಹೊರಬಿದ್ದದ್ದು ಗೇರು ಬೀಳದ ಹಳೆ ಬಸ್ಸಿನ ಗೊರಗೊರ. ಹುಂಜ ತಾನೇ ಗಾಬರಿಯಾದಂತೆ ಅತ್ತಿತ್ತ ನೋಡಿ ಕೆಳಗಿಳಿಯಿತು. ಮಲಗಲು ಸಿಕ್ಕಿತೆಂದು ಮಚ್ಛೇಂದ್ರನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಸುಜಾತಾ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದಳು.

"ಗುಡ್ಡು ಯಾಕ ಕೂಗವಲ್ದು?"

"ಈಗರ ಕೂಗಿ ಕಾಳು ತಿನ್ಲಾಕ ಹೋತು."

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಹೆರಿಗೆಯ ಮನೆಯಲ್ಲಿದ್ದವಳ ತಲೆಗೆ ಚಿಂತೆ ಯಾಕೆ ಹಚ್ಚಬೇಕು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಒಳಗೆ ಕೊರೆಯುತ್ತಿದ್ದದ್ದು ಅವಳ ಕಂಡಕ್ಟರ್ ಮಾತು. ಮೂರನೆಯ ಸಲ ಸುಜಾತಾ ಹೇಳಿಯೇಬಿಟ್ಟಳು: "ನಾಳಿ ಫೋನ್ ಅದರ ಹತ್ರ ಒಯ್ದು ಹಿಡೀರಿ. ಅದರ ದನಿ ಕೇಳಲಾರದೇ ನನಗ ಮುಂಜಾನಿ ಆಗಿದ್ದೇ ಗೊತ್ತಾಗವಲ್ದು."

ಹಿತ್ತಲ ಗೋಡೆಯ ಆಚೆ ರಶೀದ ಅಹ್ಮದನ ಮನೆ. ಅವನು ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ನುಡಿಸುವವನು. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ಹೊತ್ತು. ದಿನಾ ಮಧ್ಯಾಹ್ನ ಅವನ ಅಭ್ಯಾಸ ನಡೆಯುತ್ತಿತ್ತು. ಮಚ್ಛೇಂದ್ರ ಗೋಡೆಯ ಮೇಲೆ ಮೊಣಕೈ ಊರಿ ಸಂಗತಿ ಹೇಳಿದ. ರಶೀದ ಅಹ್ಮದ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಗಂಭೀರವಾಗಿ ಕೇಳಿಸಿಕೊಂಡ.

"ಭಾಯಿ, ಎಷ್ಟೋ ಮದುವಿ ಬಾರಿಸೀನಿ. ಬರಾತಿನ್ಯಾಗ ಮಂದಿ ಏನೇನೋ ಫರ್ಮಾಯಿಷ್ ಮಾಡ್ಯಾರ. ಕೋಳಿ ಬಾರಸು ಅಂತ ಯಾರೂ ಹೇಳಿಲ್ಲ."

"ಬರಲ್ಲೇನು ಹಂಗಾರ?"

ಅದು ಸರಿಯಾದ ಜಾಗಕ್ಕೆ ತಾಗಿತು. ರಶೀದ ಅಹ್ಮದ ಒಂದು ಸಲ ಊದಿ ನೋಡಿದ, ತಲೆ ಅಲ್ಲಾಡಿಸಿದ, ತುಟಿ ಒದ್ದೆ ಮಾಡಿಕೊಂಡು ಇನ್ನೊಂದು ಸಲ ಊದಿದ. ಸಂಜೆಯಷ್ಟರಲ್ಲಿ ಓಣಿಯ ಬೇರೆ ಹುಂಜಗಳು ಅವನಿಗೆ ಮರು ಕೂಗತೊಡಗಿದ್ದವು.

ಮರುದಿನ ಬೆಳಿಗ್ಗೆ ಫೋನು ಬಂತು. ಮಚ್ಛೇಂದ್ರ ಅದನ್ನು ಗೋಡೆಯ ಮೇಲಿಟ್ಟು ಸನ್ನೆ ಮಾಡಿದ. ಆಚೆಯಿಂದ ಕೂಗು ಎದ್ದಿತು. ಎತ್ತರ, ಇಳಿತ, ಕೊನೆಯ ಎಳೆತ ಎಲ್ಲ ಸರಿಯಾಗಿತ್ತು. ಒಂದಿಷ್ಟು ಹೆಚ್ಚೇ ಸರಿಯಾಗಿತ್ತು. ಕೊನೆಯಲ್ಲಿ ರಶೀದ ಅಹ್ಮದ ತಡೆಯಲಾರದೆ ಹಾಡಿನಲ್ಲಿ ಸ್ವರ ತಿರುವುವಂಥ ಒಂದು ಸಣ್ಣ ಮುರ್ಕಿ ಸೇರಿಸಿಬಿಟ್ಟಿದ್ದ.

"ರಶೀದ ಭಾಯಿಗಿ ನನ್ನ ಸಲಾಮ ಹೇಳ್ರಿ," ಎಂದಳು ಸುಜಾತಾ. "ಈಗ ಖರೇ ಏನದ ಅದು ಹೇಳ್ರಿ."

ಮಚ್ಛೇಂದ್ರ ಹೇಳಿದ. ಸೀನು, ಊದಿದ ಕಣ್ಣು, ಗುಡ್ಡುವಿನ ಗಂಟಲು, ಬೂದಿ ನಿನ್ನೆಯಿಂದ ಕಾಳು ಮುಟ್ಟದಿರುವುದು. ಬೈಗುಳಕ್ಕಾಗಿ ಕಾದ. ಸುಜಾತಾ ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ನಾ ಇಲ್ಲಿ ಕುಂತು ಏನ್ ಹೇಳ್ಲಿ? ಡಾಕ್ಟರಿಗಿ ತೋರಸ್ರಿ," ಎಂದಳು. "ನಾಳಿ ಅನ್ನಬ್ಯಾಡ್ರಿ."

ಹೀಗೆ ಮಚ್ಛೇಂದ್ರ ಮೋಟರ್ ಸೈಕಲ್ ಹೊಡೆಯುತ್ತ, ಹಿಂದೆ ರಶೀದ ಅಹ್ಮದ ಗುಡ್ಡು ಮತ್ತು ಬೂದಿ ಇದ್ದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಇಬ್ಬರೂ ದನದ ದವಾಖಾನೆಗೆ ಹೋದರು. ಅಲ್ಲಿ ಒಂದು ಎಮ್ಮೆ, ಎರಡು ಆಡು, ಸ್ವೆಟರ್ ತೊಟ್ಟ ಒಂದು ಬಿಳಿ ನಾಯಿ ಅವರಿಗಿಂತ ಮುಂಚೆ ಬಂದು ಕಾದಿದ್ದವು. ಡಾಕ್ಟರು ನಾಹೀದ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗುಡ್ಡುವನ್ನು ಬಗಲಲ್ಲಿ ಹಿಡಿದು, ಕೊಕ್ಕು ತೆರೆದು ನೋಡಿ, ಮೂಗಿನ ಹತ್ತಿರ ಮೂಸಿ, ಬೂದಿಯ ಕಣ್ಣನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದಳು.

"ನೆಗಡಿ ರೋಗರಿ. ಚಳಿ ಬೀಳ್ಲಿಕ್ಕ ಶುರು ಆದ ಕೂಡ್ಲೇ ಬರ್ತಾವ ಇಂಥವು. ಗೂಡು ಹ್ಯಾಂಗ ಇಟ್ಟೀರಿ?"

ಮಚ್ಛೇಂದ್ರ ಫ್ಲೆಕ್ಸಿನ ವಿಷಯವನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಒಂದು ಸಂದೂ ಬಿಟ್ಟಿಲ್ಲ ಎಂದ.

"ಕೆಳಗ ಹಾಸಿದ್ದು ಒಣಗಿರ್ತದೋ, ಹಸಿ ಇರ್ತದೋ?"

"ಸ್ವಲ್ಪ ಹಸಿ ಅದರಿ."

"ಒಳಗ ಬಗ್ಗಿದ್ರ ಕಣ್ಣು ಉರೀತಾವೇನು?"

ಮಚ್ಛೇಂದ್ರ ಹೌದೆಂದು ತಲೆಯಾಡಿಸಿದ. ಉರಿಯುತ್ತಿದ್ದವು.

"ಕೋಳಿಗಿ ದೇವರು ಪುಕ್ಕ ಕೊಟ್ಟಾನ್ರಿ, ಚಳಿ ತಡಕೊಳ್ತಾವ. ಹೊಲಸು ಗಾಳಿ ತಡಕೊಳ್ಳಲ್ಲ," ಎಂದಳು ನಾಹೀದ. "ಗಾಳಿ ಅವುಗಳ ಮೈಮ್ಯಾಲ ಬೀಸಬಾರ್ದು. ಆದ್ರ ತಲಿ ಮ್ಯಾಲಿಂದ ಆಡ್ಕೊಂತ ಇರಬೇಕು."

ಮಚ್ಛೇಂದ್ರನಿಗೆ ತಟ್ಟನೆ ತನ್ನ ಬಸ್ಸು ಕಣ್ಣಿಗೆ ಕಟ್ಟಿತು. ಚಳಿಗಾಲದ ಮೊದಲ ಟ್ರಿಪ್ಪು. ಮಂದಿ ಕಿಟಕಿಗಳನ್ನೆಲ್ಲ ಬಡಿದು ಮುಚ್ಚಿ ಕುಳಿತಿರುತ್ತಿದ್ದರು. ಭಾಲ್ಕಿಯಲ್ಲಿ ಒಬ್ಬ ಕೆಮ್ಮುತ್ತ ಹತ್ತಿದರೆ, ಬೀದರಿನ ಅಂಚಿನ ನೌಬಾದ ದಾಟುವಷ್ಟರಲ್ಲಿ ಬಸ್ಸಿಗೆ ಬಸ್ಸೇ ಕೆಮ್ಮುತ್ತಿತ್ತು. ಆಗ ತನ್ನ ಕಡೆಯ ಗಾಜು ಸರಿಸಿ, ಸಿಟ್ಟಿಗೆದ್ದವರಿಗೆಲ್ಲ ಗಾಳಿಯ ಮಹತ್ವ ಹೇಳುತ್ತಿದ್ದವನೇ ಈಗ ಕೋಳಿಗಳನ್ನು ಫ್ಲೆಕ್ಸಿನಲ್ಲಿ ಕಟ್ಟಿಹಾಕಿದ್ದ.

ನಾಹೀದ ನೀರಿನಲ್ಲಿ ಕಲಸುವ ಔಷಧ ಬರೆದುಕೊಟ್ಟಳು. ಸೀನುವವನ್ನು ಬೇರೆ ಇಡಬೇಕು, ಔಷಧ ನಡೆದಿರುವ ತನಕ ಮತ್ತು ತಾನು ಹೇಳುವ ತನಕ ತತ್ತಿ ತಿನ್ನಬಾರದು ಎಂದಳು. ಬೂದಿಯನ್ನು ಬುಟ್ಟಿಗೆ ಇಳಿಸುವಾಗ ಮಾತ್ರ, "ಇದಕ್ಕ ವಯಸ್ಸಾಗ್ಯದರಿ. ನೋಡೂಣು," ಎಂದಳು.

ಮನೆಗೆ ಬಂದವನೇ ಮಚ್ಛೇಂದ್ರ ಫ್ಲೆಕ್ಸನ್ನು ಕತ್ತರಿಸಿದ. ಗಾಳಿ ಬೀಸುವ ಮೂಡಣ ಕಡೆಗೆ ಮೊಣಕಾಲೆತ್ತರ ಉಳಿಸಿ, ಮೇಲಿನದೆಲ್ಲ ಕಿತ್ತೆಸೆದ. ಹಳೆಯ ಹಾಸು ಬಳಿದು ಒಣ ಹೊಟ್ಟು ಹರವಿದ. ಕಾಯಿಲೆಯವನ್ನು ಬೇರೆ ಎಲ್ಲಿ ಇಡುವುದು? ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ, ತೊಳೆಯಲು ಬರುವಂಥ ಜಾಗವೆಂದರೆ ಬಚ್ಚಲುಮನೆ ಒಂದೇ. ಕೋಳಿಗಳು ಒಳಗೆ ಹೋದವು, ಅವನ ಸ್ನಾನ ಹೊರಗಿನ ನಳದ ಕೆಳಗೆ ಬಂತು. ಮೊದಲ ದಿನ ಅವನು ತಣ್ಣೀರು ಸುರಿದುಕೊಂಡು ಹಾಕಿದ ಕೂಗಿಗೆ ರಶೀದ ಅಹ್ಮದ ಗೋಡೆಯ ಮೇಲಿಂದ ಇಣುಕಿ, ಗುಡ್ಡುವಿನ ಗಂಟಲು ಬಿಟ್ಟಿತೇ ಎಂದು ಕೇಳಿದ.

ದಿನಗಳಿಗೆ ಒಂದು ದಾರಿ ಬಿತ್ತು. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ, ಹಳೆಯ ಬನಿಯನ್ನಿನ ಚೂರು ಅದ್ದಿ, ಒಂದೊಂದರ ಕಣ್ಣು ಮೂಗು ಒರೆಸುವುದು. ಆಮೇಲೆ ಔಷಧದ ನೀರು, ಆಮೇಲೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚು. ಗುಡ್ಡು ಮೊದಲ ಸಲ ಅವನ ಕೈ ಕುಕ್ಕಿ ರಕ್ತ ಬರಿಸಿತು. ಎರಡನೆಯ ದಿನ ಸಹಿಸಿತು. ಮುಂದೆ ಬನಿಯನ್ನಿನ ಚೂರು ಕಂಡರೆ ತಾನೇ ಮುಖ ಮುಂದೆ ಮಾಡತೊಡಗಿತು.

ಬೂದಿ ಮಾತ್ರ ನುಚ್ಚು ಮುಟ್ಟಲಿಲ್ಲ. ಬಿಸಿಲೇರಿದ ಮೇಲೆ ಮಚ್ಛೇಂದ್ರ ಅದನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದ. ಹತ್ತಿಯಿಂದ ಹನಿ ಹನಿ ನೀರು ಕೊಕ್ಕಿನ ಅಂಚಿಗೆ ಹಚ್ಚುತ್ತಿದ್ದ. ಸುಮ್ಮನೆ ಕೂರಲು ಬರದೆ ಅದರ ಜೊತೆ ಮಾತಿಗಿಳಿಯುತ್ತಿದ್ದ. ಯಾವ ಊರಿನ ಸ್ಟಾಪಿನಲ್ಲಿ ಚಹಾ ಚೆನ್ನಾಗಿತ್ತು, ಯಾವ ಹಳ್ಳದ ಮಳೆಗಾಲದ ನೀರಿಗೆ ಬಸ್ಸು ನಿಂತಿತ್ತು. ಬೂದಿ ಒಂದೇ ಕಣ್ಣಿನಿಂದ ಅವನನ್ನು ನೋಡುತ್ತಿತ್ತು. ಅಂಥ ಒಂದು ಮಧ್ಯಾಹ್ನ ಅವನು ಮಾತು ನಿಲ್ಲಿಸಿ ಕೆಳಗೆ ನೋಡಿದಾಗ, ಟವೆಲ್ಲಿನೊಳಗಿನ ತೂಕ ಬದಲಾದಂತೆ ಅನಿಸಿತು. ಅದು ಹೋಗಿತ್ತು.

ರಶೀದ ಅಹ್ಮದ ಗುದ್ದಲಿ ತಂದ. ಇಬ್ಬರೂ ಹಿತ್ತಲ ಮೂಲೆಯಲ್ಲಿ ಆಳವಾಗಿ ತೋಡಿ, ಡಾಕ್ಟರು ಹೇಳಿದಂತೆ ಸುಣ್ಣ ಹಾಕಿ ಮುಚ್ಚಿದರು. ಮಚ್ಛೇಂದ್ರ ಕೈ ತೊಳೆದು, ಈ ಸಲ ಅವಳ ಫೋನಿಗೆ ಕಾಯದೆ ತಾನೇ ಮಾಡಿದ.

"ಬೂದಿ ಹೋತು," ಎಂದ.

"ಯಾರ ಹತ್ರ ಇತ್ತು?" ಎಂದಳು ಸುಜಾತಾ.

"ನನ್ನ ತೊಡಿ ಮ್ಯಾಲ."

"ಹಂಗಾರ ಚಲೋನೇ ಆತು." ಅವಳು ಮೂಗು ಎಳೆದದ್ದು ಕೇಳಿಸಿತು. "ಚಿಂಚೋಳಿಲಿಂದ ಉಡಿಯಾಗ ಹಾಕ್ಕೊಂಡು ತಂದಿದ್ದೆರಿ ಅದನ್ನ, ಮರಿ ಇದ್ದಾಗ. ಮೊದಲನೇ ಸಲ ಕಾವಿಗಿ ಬಂದಾಗ ತತ್ತಿ ಇರ್ಲಿಲ್ಲ. ಉಳ್ಳಾಗಡ್ಡಿ ಬುಟ್ಟಿ ಮ್ಯಾಲ ಹೋಗಿ ಕುಂತಿತ್ತು. ಎಬ್ಬಿಸಲಾಕ ಹೋದ್ರ ಮೈಮ್ಯಾಲ ಬರ್ತಿತ್ತು."

"ಉಳ್ಳಾಗಡ್ಡಿ ಮ್ಯಾಲ?"

"ಹ್ಞೂಂರಿ. ನೀವು ಡ್ಯೂಟಿ ಮ್ಯಾಲಿದ್ರಿ. ಒಂದು ವಾರ ಅಡಿಗಿಗಿ ಉಳ್ಳಾಗಡ್ಡಿನೇ ಇರ್ಲಿಲ್ಲ. ಸಾರು ಯಾಕ ಸಪ್ಪಗದ ಅಂತ ನೀವು ಜಗಳಾಡಿದ್ರಿ."

ಮಚ್ಛೇಂದ್ರನಿಗೆ ನಗು ಬಂತು. ಆಚೆ ಅವಳೂ ನಕ್ಕಳು. ಫೋನು ಇಡುವ ಮುಂಚೆ ಅವಳು ಉಳಿದವುಗಳ ಬಗ್ಗೆ ಒಂದೊಂದಾಗಿ ಕೇಳಿದಳು. ಅವನು ಒಂದೊಂದಾಗಿ ಹೇಳಿದ.

ಉಳಿದವು ಚೇತರಿಸಿಕೊಂಡವು. ಊತ ಇಳಿಯಿತು, ಸೀನು ನಿಂತಿತು, ಕಾಳಿಗಾಗಿ ಜಗಳ ಶುರುವಾಯಿತು. ಗುಡ್ಡುವಿನ ದನಿ ಮೊದಲು ಒಡಕಾಗಿ, ಆಮೇಲೆ ನೆಟ್ಟಗೆ ಬಂತು. ಬಚ್ಚಲುಮನೆ ತೊಳೆದು ಮಚ್ಛೇಂದ್ರ ಮತ್ತೆ ಬಿಸಿನೀರಿನ ಸ್ನಾನ ಕಂಡ. ಅದೇ ವಾರ ಔರಾದಿನಲ್ಲಿ ಮಗಳು ಹೆಣ್ಣು ಹೆತ್ತಳು. ರಶೀದ ಅಹ್ಮದನಿಗೆ ಕೋಳಿಗಳನ್ನು ಒಪ್ಪಿಸಿ ಮಚ್ಛೇಂದ್ರ ಒಂದು ದಿನ ಹೋಗಿ ಮೊಮ್ಮಗಳ ಮುಖ ನೋಡಿಕೊಂಡು ಬಂದ.

ಸುಜಾತಾ ತಿರುಗಿ ಬಂದದ್ದು ಸಂಕ್ರಾಂತಿಯ ಎದುರು. ಆಟೋದಿಂದ ಇಳಿದವಳ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಕೈಚೀಲ. ಕೈಚೀಲದಿಂದ ಕೆಂಪು ಜುಟ್ಟಿನ ಒಂದು ಎಳೆಯ ಕೋಳಿ ತಲೆ ಹೊರಗೆ ಹಾಕಿ ಓಣಿಯನ್ನು ನೋಡುತ್ತಿತ್ತು.

"ಬೀಗತಿ ಕೊಟ್ಟಾಳ್ರಿ," ಎಂದಳು. "ನಿಮ್ಮ ಕಂಡಕ್ಟರ್ ಇದಕ್ಕೂ ಅರ್ಧ ಟಿಕೀಟ ಹರದ. ನಮ್ಮವರು ಡ್ರೈವರ್ ಇದ್ರು ಅಂದ್ರೂ ಕೇಳ್ಲಿಲ್ಲ."

ಹಿತ್ತಲ ಕಡೆ ನಡೆದವಳನ್ನು ಮಚ್ಛೇಂದ್ರ ಅಡ್ಡಬಂದು ತಡೆದ.

"ಅಲ್ಲಿ ಬಿಡಬ್ಯಾಡ."

"ಯಾಕ್ರಿ?"

"ನಮ್ಮವು ಆರಾಮ ಆಗ್ಯಾವ ಖರೇ. ಆದ್ರ ರೋಗ ಅವುಗಳ ಮೈಯಾಗ ಅಡಗಿರ್ತದಂತ. ಹೊಸಾದಕ್ಕ ಹತ್ತತದ. ಮೊದಲು ಡಾಕ್ಟರಿಗಿ ಕೇಳಬೇಕು, ಸೂಜಿ ಹಾಕಸಬೇಕು. ಅಲ್ಲೀತನಕ ಇದು ಮುಂದಿನ ಪಡಸಾಲ್ಯಾಗ ಇರ್ಲಿ. ಇದರ ನೀರಿನ ಬಟ್ಟಲಾ ಬ್ಯಾರೆ. ಇದನ್ನ ಮುಟ್ಟಿದ ಕೈ ತೊಳಿಲಾರದೇ ಅಲ್ಲಿಗಿ ಹೋಗಾಂಗಿಲ್ಲ, ಅಲ್ಲಿ ಮುಟ್ಟಿದ ಕೈಲಿ ಇದಕ್ಕ ಮುಟ್ಟಾಂಗಿಲ್ಲ."

ಸುಜಾತಾ ಗಂಡನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. ಬಸ್ಸಿನ ದಣಿವು ಅವಳ ಮುಖದ ಮೇಲಿತ್ತು. ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ, ಕಾಲು ಚಾಚಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

"ಹಂಗಾರ ಈಗ ನಾ ಕೋಳಿ ಮುಟ್ಟೀನಿ," ಎಂದಳು. "ಅಡಿಗಿ ಮನಿಗಿ ಬರಾಂಗಿಲ್ಲಲ್ಲ. ಚಹಾ ನೀವೇ ಮಾಡ್ರಿ. ಶುಂಠಿ ಜರಾ ಜಾಸ್ತಿ ಹಾಕ್ರಿ."

ಮಚ್ಛೇಂದ್ರ ಒಳಗೆ ಹೋಗಿ ಒಲೆ ಹೊತ್ತಿಸಿದ.