ಮರುಭೂಮಿಯಲ್ಲಿ ಏಕಾದಶಿ

ಡ್ರೈಯರ್‌ನೊಳಗೆ ಯಾವುದೋ ಅಂಗಿಯ ಗುಂಡಿ ಟಕ್ ಟಕ್ ಎಂದು ಬಡಿಯುತ್ತಿದೆ, ನಿಲ್ಲಿಸಬೇಕು, ಫೋನ್ ಬಿಟ್ಟು ಏಳಲಾರೆ, ಮನ್ರೋ ಊರಿನ ಈ ಮನೆ ಇಷ್ಟು ದೊಡ್ಡದೆಂದು ಹೆಂಡತಿ ಜೊತೆಗಿದ್ದಾಗ ಗೊತ್ತೇ ಆಗಿರಲಿಲ್ಲ — ನಿನ್ನೆ ವಿಮಾನ ಹತ್ತಿ ಇವತ್ತು ಬೆಳಿಗ್ಗೆ ಕಾರಿನಲ್ಲಿ ಹೊರಟವರು, ಅಮ್ಮ ಮಗಳು ಇಬ್ಬರೇ, ಮೆಕ್ಸಿಕೋ ಗಡಿಯ ಪಕ್ಕದ ಆ ಮರುಭೂಮಿ ಪಾರ್ಕಿಗೆ, ಅಲ್ಲಿ ಸಿಗ್ನಲ್ ಇರಲ್ಲ, ರೇಂಜರ್ ಆಫೀಸಿನಿಂದ ಫೋನ್ ಮಾಡ್ತೀವಿ, ಡೋಂಟ್ ವರಿ ಅಪ್ಪಾ ಅಂದಳು ನಿಧಿ, ಬೇಡ ಅಂದರೆ ಬಿಡುವ ಜೀವವೇ ಇದು, ಪಾರ್ಕಿನ ವೆಬ್‌ಸೈಟು ಓದಿ ಓದಿ ಗಿಣಿಪಾಠ ಒಪ್ಪಿಸಿದ್ದೆ, ಪಾಸ್‌ಪೋರ್ಟ್ ಜೊತೆಯಲ್ಲಿರಲಿ, ಗುರುತಿಲ್ಲದವರು ಕೈ ಅಡ್ಡ ಹಾಕಿದರೆ ಕಾರು ನಿಲ್ಲಿಸಬೇಡಿ, ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು, ನೀವೇ ರೇಂಜರ್ ಆಗ್ಬೇಕಿತ್ತು ಕಣ್ರೀ ಎಂದು ಕೌಸಲ್ಯಾ ನಕ್ಕಳು, ಹಾವು ಚೇಳು ಬಿಸಿಲು ಗಡಿ ಎಲ್ಲ ಯೋಚಿಸಿದೆ, ಪಂಚಾಂಗವೊಂದನ್ನು ನೋಡಲಿಲ್ಲ — ಈಗ ಕಣ್ಣೆತ್ತಿದರೆ ಫ್ರಿಜ್ ಮೇಲಿನ ಕ್ಯಾಲೆಂಡರು, ಇವತ್ತು ಏಕಾದಶಿ, ಅಯ್ಯೋ, ಜೂನ್ ಬಿಸಿಲಲ್ಲಿ, ಕಾರಿನ ತುಂಬ ನೀರಿಟ್ಟುಕೊಂಡು ಒಂದು ಹನಿಯೂ ಮುಟ್ಟದವಳು, ಗೊತ್ತಿದ್ದೂ ಬಾಯಿ ಬಿಡದೆ ಹೋದಳು, ಹೇಳಿದ್ದರೆ ನಾನು ಕಳಿಸುತ್ತಿರಲಿಲ್ಲ.

ನನಗಾಗಿಯೇ ಅವಳ ಈ ಉಪವಾಸ, ಅದೇ ಸಂಕಟ, ನನಗೆ ಬೈಪಾಸ್ ಆದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಹರಕೆ ಹೊತ್ತಳು, ಇವರು ಉಳಿದರೆ ಏಕಾದಶಿ ದಿನ ನೀರೂ ಮುಟ್ಟೋದಿಲ್ಲ ಅಂತ, ಉಳಿದೆ, ತುಟಿ ಒಣಗಿಸಿಕೊಂಡು ಓಡಾಡುವವಳನ್ನು ನೋಡಿ ಒಳಗೊಳಗೇ ಹೆಮ್ಮೆಪಟ್ಟೆ, ಬೇಡ ಕಣೆ ಅನ್ನಲಿಲ್ಲ — ಫೋನ್, ನಿಧಿ, ಅಳುತ್ತಿದ್ದಾಳೆ, ಅಪ್ಪಾ, ಅಮ್ಮ ಟ್ರೇಲ್‌ನಲ್ಲಿ ನಡೀತಾ ಕುಸಿದುಬಿಟ್ರು, ರೇಂಜರ್ ಆಫೀಸಿಗೆ ಕರ್ಕೊಂಡ್ ಬಂದ್ರು, ಆಂಬ್ಯುಲೆನ್ಸ್ ಬರೋಕೆ ಒನ್ ಅವರ್ ಆಗತ್ತಂತೆ, ಶೀ ವೋಂಟ್ ಡ್ರಿಂಕ್, ಯು ಟೆಲ್ ಹರ್ — ಫೋನ್ ಅವಳ ಕಿವಿಗೆ ಹಿಡಿ, ಕೌಸಲ್ಯಾ, ನೀರು ಕುಡಿ, ಬರೀ ಉಸಿರಿನ ಸದ್ದು, ಆಮೇಲೆ ತೊದಲು, ನಾಳೆ ಪಾರಣೆಗೆ ಕುಡೀತೀನಿ ಬಿಡಿ, ನಿಮಗೇನಾದ್ರೂ ಆದ್ರೆ ಅಂತಾಳೆ, ನನಗೇನೂ ಆಗಲ್ಲ ಕಣೆ, ದೇವರು ಅಂಥವನಲ್ಲ ಅಂದೆನೇ, ಅಂದುಕೊಂಡೆನೇ, ಬುದ್ಧಿಮಾತು ಇವಳ ಕಿವಿಗೆ ಹೋಗುವುದಿಲ್ಲ, ಕೌಸಲ್ಯಾ, ನನ್ನಾಣೆ, ಕುಡಿ, ನೀನು ಕುಡೀಲಿಲ್ಲ ಅಂದ್ರೆ ನಾನು ಸತ್ತ ಹಾಗೆ — ಅತ್ತ ಕಡೆ ಮುಚ್ಚಳ ತಿರುಗಿಸಿದ ಸದ್ದು, ನಿಧಿ ಬಾಟಲಿಯನ್ನು ತುಟಿಗೆ ಹಿಡಿದಿರಬೇಕು, ಕಣ್ಣು ಮುಚ್ಚಿದರೆ ಕೌಸಲ್ಯಾಳ ಗಂಟಲು ಕಾಣುತ್ತಿದೆ, ಕರಿಮಣಿಯ ಮೇಲಿನ ಗಂಟಲು, ಅಲುಗಲಿ, ಒಂದೇ ಒಂದು ಗುಟುಕು ಇಳಿಯಲಿ, ಗಂಟಲು, ಅವಳ ಗಂಟಲು —